ಬಡ್ತಿ ಸೀಸನ್‌ಗೊಂದು ಲೆಕ್ಕದ ಪುಸ್ತಕ: ದಾವಣಗೆರೆಯಲ್ಲಿ ಕೂತು ಲೀಗ್ ಹಿಂಬಾಲಿಸುವ ಬಗೆ

ದಾವಣಗೆರೆಯಲ್ಲಿ ಕ್ರಿಕೆಟ್ ಮಾತಾಡಲು ಯಾವ ಟೀ ಅಂಗಡಿಗೆ ಹೋದರೂ ಜನ ಸಿಗುತ್ತಾರೆ. ಇಂಗ್ಲಿಷ್ ಪ್ರೀಮಿಯರ್ ಲೀಗ್ ಮಾತಾಡಲು ವಿದ್ಯಾನಗರದ ಕಡೆ ಕಾಲೇಜು ಹುಡುಗರಿದ್ದಾರೆ. ಅದರ ಕೆಳಗಿನ ದರ್ಜೆ, ಚಾಂಪಿಯನ್‌ಶಿಪ್ ಅಂದರೆ ಮಾತ್ರ "ಅದ್ಯಾವ್ದು ಅಣ್ಣ?" ಅಂತಾರೆ. ನನ್ನ ಕೇಳಿದರೆ ಫುಟ್‌ಬಾಲ್‌ನಲ್ಲಿ ನಿಜವಾದ ಮಜಾ ಇರೋದು ಅಲ್ಲೇ. ಒಂದು ತಂಡ ಆಗಸ್ಟ್‌ನಿಂದ ಮೇ ತನಕ ಒದ್ದಾಡಿ ಮೇಲಿನ ದರ್ಜೆಗೆ ಏರುವುದನ್ನು ವಾರವಾರವೂ ನೋಡಬಹುದು.

ನಾನು ಎಪಿಎಂಸಿಯ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ನನ್ನ ತಂಡ ಲೀಡ್ಸ್ ಯುನೈಟೆಡ್. 2001ರಲ್ಲಿ ಅವರು ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತನಕ ಹೋದಾಗ ಕೇಬಲ್ ಟಿವಿಯಲ್ಲಿ ನೋಡಿ ಹಿಡಿದ ಹುಚ್ಚು. ಮೂರೇ ವರ್ಷಕ್ಕೆ ಅವರು ಕೆಳಗಿನ ದರ್ಜೆಗೆ ಬಿದ್ದರು. ಮತ್ತೆ ಮೇಲೆ ಬರಲು 2020 ಆಯ್ತು. 2023ರಲ್ಲಿ ಮತ್ತೆ ಬಿದ್ದರು, 2025ರಲ್ಲಿ ಮತ್ತೆ ಎದ್ದರು. ಹೀಗಾಗಿ ಬಡ್ತಿಗಾಗಿ ಕಾಯುವುದರಲ್ಲಿ ನನಗೆ ಒಳ್ಳೆ ಅನುಭವ ಇದೆ. ಹೇಗೆ ಕಾಯಬೇಕು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಂಡ ಬೇರೆ ಇರಬಹುದು, ವಿಧಾನ ಇದೇ.

ಮೊದಲು ನಿಯಮ ಓದಿ

ಎಲ್ಲ ಲೀಗ್‌ಗೂ ಒಂದೇ ನಿಯಮ ಅಂದುಕೊಳ್ಳಬೇಡಿ. ನಾನು ಜಾಸ್ತಿ ಉದಾಹರಣೆ ಕೊಡೋದು 2024-25ರ ಚಾಂಪಿಯನ್‌ಶಿಪ್‌ದು. ಅದರಲ್ಲಿ 24 ತಂಡ, ಒಬ್ಬೊಬ್ಬರಿಗೆ 46 ಪಂದ್ಯ. ಮೊದಲ ಎರಡು ತಂಡ ನೇರವಾಗಿ ಪ್ರೀಮಿಯರ್ ಲೀಗ್‌ಗೆ. ಮೂರರಿಂದ ಆರನೇ ಸ್ಥಾನದವರು ಪ್ಲೇ-ಆಫ್ ಆಡಿ, ಗೆದ್ದ ಒಬ್ಬರು ಮಾತ್ರ ಮೇಲಕ್ಕೆ. ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು, ಸೋತರೆ ಸೊನ್ನೆ. ಪಾಯಿಂಟ್ ಸಮ ಆದರೆ ಗೋಲ್ ಅಂತರ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟ ಗೋಲು ಕಳೆದು ಉಳಿದದ್ದು ನೋಡುತ್ತಾರೆ.

ಅದಕ್ಕಿಂತ ಕೆಳಗೆ ಹೋದರೆ ಲೆಕ್ಕ ಬೇರೆ. ನಾಲ್ಕನೇ ದರ್ಜೆಯ ಲೀಗ್ ಟೂನಲ್ಲಿ ಮೂವರು ನೇರ. ಐದನೇ ದರ್ಜೆಯ ನ್ಯಾಷನಲ್ ಲೀಗ್‌ನಲ್ಲಿ ನೇರವಾಗಿ ಒಬ್ಬರೇ. 2022-23ರಲ್ಲಿ ಅಲ್ಲಿ ರೆಕ್ಸಮ್ 111 ಪಾಯಿಂಟ್ ಮಾಡಿತು. ನಾಟ್ಸ್ ಕೌಂಟಿ 107 ಮಾಡಿಯೂ ಪ್ಲೇ-ಆಫ್ ಆಡಿ ಮೇಲೆ ಬರಬೇಕಾಯಿತು. ನೂರೇಳು! ನಿಯಮ ಗೊತ್ತಿಲ್ಲದವನಿಗೆ ಇದು ಅನ್ಯಾಯ ಅನಿಸುತ್ತೆ. ಗೊತ್ತಿದ್ದವನಿಗೂ ಅನಿಸುತ್ತೆ, ಬಿಡಿ.

ನಮ್ಮ ದೇಶದ್ದೇ ಬೇಕು ಅಂದರೆ ಐ-ಲೀಗ್‌ನ ಉದಾಹರಣೆ ಇದೆ. ಅದನ್ನು ಗೆದ್ದು ಮೇಲಿನ ದರ್ಜೆಯಾದ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಏರಿದ ಮೊದಲ ತಂಡ ಪಂಜಾಬ್, 2022-23ರಲ್ಲಿ. ಮರುವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್. ಅದೇ 2023-24ರಲ್ಲಿ ನಮ್ಮ ರಾಜ್ಯದ ಎಸ್‌ಸಿ ಬೆಂಗಳೂರು ಐ-ಲೀಗ್ 2 ಗೆದ್ದು ಒಂದು ಮೆಟ್ಟಿಲು ಮೇಲೆ ಬಂತು. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಸೀಸನ್ ಶುರುವಾಗುವ ಮುಂಚೆ ಒಮ್ಮೆ ನೋಡಿ, ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ: ಎಷ್ಟು ತಂಡ, ಎಷ್ಟು ಪಂದ್ಯ, ಎಷ್ಟು ಜನ ನೇರ, ಸಮ ಆದರೆ ಏನು.

ಪುಸ್ತಕ

ಮೊಬೈಲ್‌ನಲ್ಲಿ ಟೇಬಲ್ ಸಿಗುತ್ತಲ್ಲ, ಪುಸ್ತಕ ಯಾಕೆ ಅಂತ ನನ್ನ ಅಕ್ಕನ ಮಗ ಕೇಳುತ್ತಾನೆ. ಮೊಬೈಲ್ ಇವತ್ತಿನ ಸ್ಥಾನ ತೋರಿಸುತ್ತೆ. ಹೇಗೆ ಬಂದ್ರಿ, ಎಲ್ಲಿ ಕಳಕೊಂಡ್ರಿ ಅನ್ನೋದನ್ನು ತೋರಿಸಲ್ಲ. ಉದ್ದನೆಯ ಗೆರೆ ಹಾಕಿದ ನೋಟ್‌ಬುಕ್ ಸಾಕು. ಎಡ ಪುಟ ನಿಮ್ಮ ತಂಡಕ್ಕೆ, ಬಲ ಪುಟ ಎದುರಾಳಿಗಳಿಗೆ.

ಎಡ ಪುಟದಲ್ಲಿ ತಾರೀಕು, ಯಾರ ಜೊತೆ, ಸ್ವಂತ ಊರಲ್ಲೋ ಹೊರಗೋ, ಸ್ಕೋರ್, ಬಂದ ಪಾಯಿಂಟ್, ಒಟ್ಟು ಪಾಯಿಂಟ್. ಇದಿಷ್ಟು ಎಲ್ಲರೂ ಬರೆಯುತ್ತಾರೆ. ಇನ್ನೆರಡು ಕಾಲಂ ಸೇರಿಸಿ. ಒಂದು, ಕಳೆದುಕೊಂಡ ಪಾಯಿಂಟ್, ಕೆಂಪು ಶಾಯಿಯಲ್ಲಿ. ಪಕ್ಕದಲ್ಲಿ ಒಂದೇ ಸಾಲಿನ ಕಾರಣ. ಇನ್ನೊಂದು, 'ಎರಡರ ಲೆಕ್ಕ'.

ಈ ಎರಡರ ಲೆಕ್ಕವೇ ಇಡೀ ಪುಸ್ತಕದ ಜೀವ. ಪಂದ್ಯಕ್ಕೆ ಸರಾಸರಿ ಎರಡು ಪಾಯಿಂಟ್ ಬಂದರೆ 46 ಪಂದ್ಯಕ್ಕೆ 92. ಚಾಂಪಿಯನ್‌ಶಿಪ್‌ನಲ್ಲಿ 92 ಅಂದರೆ ಸಾಮಾನ್ಯವಾಗಿ ಮೊದಲೆರಡು ಸ್ಥಾನದ ಆಸುಪಾಸು. 2017-18ರಲ್ಲಿ ಕಾರ್ಡಿಫ್ 90ಕ್ಕೇ ಎರಡನೇ ಸ್ಥಾನ ಪಡೆದು ಏರಿತು. ಆದರೆ 2023-24ರಲ್ಲಿ ನಮ್ಮ ಲೀಡ್ಸ್ 90 ಮಾಡಿ ಮೂರನೆಯದಾಯಿತು. ಲೆಸ್ಟರ್ 97, ಇಪ್ಸ್‌ವಿಚ್ 96. ಆಮೇಲೆ ಪ್ಲೇ-ಆಫ್ ಫೈನಲ್‌ನಲ್ಲಿ ಸೌತಾಂಪ್ಟನ್ ಮುಂದೆ 1-0 ಸೋಲು. ಮರುವರ್ಷ ಶೆಫೀಲ್ಡ್ ಯುನೈಟೆಡ್ ಕೂಡ 90, ಕೂಡ ಮೂರನೆಯದು, ಕೂಡ ಫೈನಲ್‌ನಲ್ಲಿ ಸೋಲು. ಹಾಗಾಗಿ 90 ಅನ್ನು ನಂಬಬೇಡಿ. 92ರ ಗೆರೆ ಇಟ್ಟುಕೊಂಡು, ಪ್ರತಿ ಪಂದ್ಯದ ನಂತರ ಅದಕ್ಕಿಂತ ಎಷ್ಟು ಮೇಲಿದ್ದೀರಿ, ಎಷ್ಟು ಕೆಳಗಿದ್ದೀರಿ ಅಂತ ಬರೆಯಿರಿ. ಗೆದ್ದರೆ ಒಂದು ಮೇಲೆ, ಡ್ರಾ ಆದರೆ ಒಂದು ಕೆಳಗೆ, ಸೋತರೆ ಎರಡು ಕೆಳಗೆ. ಇಷ್ಟೇ ಲೆಕ್ಕ.

2024-25ರ ನನ್ನ ಪುಸ್ತಕ ತೆಗೆದು ತೋರಿಸುತ್ತೇನೆ. ಮೊದಲ ಪಂದ್ಯ, ಪೋರ್ಟ್ಸ್‌ಮತ್ ವಿರುದ್ಧ ಸ್ವಂತ ಮೈದಾನದಲ್ಲಿ 3-3. ಎರಡನೆಯದು ವೆಸ್ಟ್ ಬ್ರಾಮ್ ಜೊತೆ 0-0. ಎರಡು ಪಂದ್ಯಕ್ಕೆ ಎರಡು ಪಾಯಿಂಟ್, ಅಂದರೆ ಮೈನಸ್ ಎರಡು. ಸೆಪ್ಟೆಂಬರ್‌ನಲ್ಲಿ ಸ್ವಂತ ಊರಲ್ಲೇ ಬರ್ನ್ಲಿ ಮುಂದೆ 0-1. ಅಕ್ಟೋಬರ್ 4ರಂದು ಸಂಡರ್‌ಲ್ಯಾಂಡ್‌ನಲ್ಲಿ 2-1 ಮುಂದಿದ್ದು, ಕೊನೇ ಗಳಿಗೆಯಲ್ಲಿ ಗೋಲ್‌ಕೀಪರ್ ಮೆಲಿಯೆ ಸುಲಭದ ಚೆಂಡು ಬಿಟ್ಟು 2-2. ಅಲ್ಲಿಗೆ ಒಂಬತ್ತು ಪಂದ್ಯಕ್ಕೆ 16 ಪಾಯಿಂಟ್, ಇನ್ನೂ ಮೈನಸ್ ಎರಡೇ. ಆ ಹೊತ್ತಿಗೆ ಅಭಿಮಾನಿಗಳೆಲ್ಲ ಕೋಚ್ ಡೇನಿಯಲ್ ಫಾರ್ಕೆಯನ್ನು ಬೈಯುತ್ತಿದ್ದರು. ಪುಸ್ತಕ ಇದ್ದರೆ ಬೈಯಬೇಕಾಗಿಲ್ಲ. ಮೈನಸ್ ಎರಡು ಅಂದರೆ ಸತತ ಎರಡು ಗೆಲುವಿನಲ್ಲಿ ತುಂಬುವ ಗುಂಡಿ.

ಮಾರ್ಚ್ ತಿಂಗಳು

ಸೀಸನ್‌ನಲ್ಲಿ ಪುಸ್ತಕದ ನಿಜವಾದ ಉಪಯೋಗ ಆಗೋದು ಮಾರ್ಚ್‌ನಲ್ಲಿ. ತಲೆ ಕೆಡೋದೂ ಆಗಲೇ.

ಫೆಬ್ರವರಿ 24, 2025ರಂದು ಲೀಡ್ಸ್ ಶೆಫೀಲ್ಡ್ ಯುನೈಟೆಡ್ ಮೈದಾನಕ್ಕೆ ಹೋಗಿ 3-1 ಗೆದ್ದಿತು. 34 ಪಂದ್ಯ, 75 ಪಾಯಿಂಟ್. ನನ್ನ ಕಾಲಂನಲ್ಲಿ ಪ್ಲಸ್ ಏಳು. ಎಲ್ಲರೂ ಮುಗೀತು ಅಂದರು. ಆಮೇಲೆ ನೋಡಿ. ವೆಸ್ಟ್ ಬ್ರಾಮ್ ಜೊತೆ 1-1. ಪೋರ್ಟ್ಸ್‌ಮತ್‌ನಲ್ಲಿ 0-1 ಸೋಲು. ಮಿಲ್‌ವಾಲ್ ಮೇಲೆ 2-0 ಗೆಲುವು. ಕ್ಯೂಪಿಆರ್ ಜೊತೆ 2-2. ಸ್ವಾನ್ಸಿ ಜೊತೆ ಸ್ವಂತ ಊರಲ್ಲಿ 2-2, ಅದೂ ತೊಂಬತ್ತು ನಿಮಿಷ ಮುಗಿದ ಮೇಲೆ ಆರನೇ ನಿಮಿಷದಲ್ಲಿ ಸಮಗೋಲ್. ಏಪ್ರಿಲ್ 5ರಂದು ಲ್ಯೂಟನ್‌ನಲ್ಲಿ 1-1. ಆರು ಪಂದ್ಯದಿಂದ ಬಂದದ್ದು ಏಳು ಪಾಯಿಂಟ್. ಬರಬೇಕಿದ್ದದ್ದು ಹನ್ನೆರಡು. ಪ್ಲಸ್ ಏಳು ಹೋಗಿ ಪ್ಲಸ್ ಎರಡು.

ಸ್ವಾನ್ಸಿ ಪಂದ್ಯದ ನಂತರ ಸೋಮವಾರ ಮಂಡಿಗೆ ಹೋದೆ. ನನ್ನ ಮುಖ ನೋಡಿ ಹಮಾಲರ ಪೈಕಿ ಒಬ್ಬ ಕೇಳಿದ: "ಯಾಕಣ್ಣಾ, ನಿಮ್ ಟೀಮ್ ಸೋತ್ರಾ?"

"ಇಲ್ಲಪ್ಪ, ಡ್ರಾ."

"ಡ್ರಾ ಅಂದ್ರೆ ಸಮ ಅಲ್ವಾ? ಲುಕ್ಸಾನೇನು ಆಗಿಲ್ಲ."

"ಒಂದು ಬಂತು, ಎರಡು ಹೋಯ್ತು. ಅದು ಸಮಾನಾ?"

ಅವನು ಸ್ವಲ್ಪ ಯೋಚಿಸಿ, "ಹಂಗಾದ್ರೆ ಲುಕ್ಸಾನೇ ಬಿಡಿ" ಅಂದ. ವರ್ಷಗಟ್ಟಲೆ ಫುಟ್‌ಬಾಲ್ ನೋಡುವ ಎಷ್ಟೋ ಜನರಿಗೆ ಈ ಮಾತು ಇನ್ನೂ ಅರ್ಥ ಆಗಿಲ್ಲ.

ಕೆಂಪು ಶಾಯಿಯ ಕಾಲಂ ಕೂಡಿಸಿದರೆ ಇದು ಚೆನ್ನಾಗಿ ಕಾಣುತ್ತೆ. ಆ ಇಡೀ ಸೀಸನ್‌ನಲ್ಲಿ ಲೀಡ್ಸ್ ಸೋತದ್ದು ನಾಲ್ಕೇ ಪಂದ್ಯ, ಅದರಿಂದ ಹೋದದ್ದು 12 ಪಾಯಿಂಟ್. ಡ್ರಾ ಆದದ್ದು 13, ಅದರಿಂದ ಹೋದದ್ದು 26. ಬಡ್ತಿ ಬೇಕಾದ ತಂಡವನ್ನು ಸೋಲಿಗಿಂತ ಜಾಸ್ತಿ ತಿನ್ನೋದು ಡ್ರಾ.

ಪ್ಲಸ್ ಎರಡಕ್ಕೆ ಇಳಿದಾಗ ಏನು ಮಾಡಬೇಕು? ಗಾಬರಿಯಾಗದೆ ಉಳಿದ ಪಂದ್ಯಗಳ ಪಟ್ಟಿ ನೋಡಿ. ಮಿಡ್ಲ್ಸ್‌ಬ್ರೋ, ಪ್ರೆಸ್ಟನ್, ಆಕ್ಸ್‌ಫರ್ಡ್, ಸ್ಟೋಕ್, ಬ್ರಿಸ್ಟಲ್ ಸಿಟಿ, ಪ್ಲಿಮತ್. ಮೊದಲ ಮೂರು ಸ್ಥಾನದವರು ಒಬ್ಬರೂ ಇಲ್ಲ. ಲ್ಯೂಟನ್ ಪಂದ್ಯದಿಂದಲೇ ಫಾರ್ಕೆ ಗೋಲ್‌ಕೀಪರ್ ಬದಲಿಸಿ ಕಾರ್ಲ್ ಡಾರ್ಲೋಗೆ ಜಾಗ ಕೊಟ್ಟಿದ್ದರು. ಆರಕ್ಕೆ ಆರೂ ಗೆಲುವು. 82ರಿಂದ 100.

ಕೆಳಗಿನ ತಂಡದ ಪಕ್ಕ ಒಂದು ಚುಕ್ಕೆ

ವೇಳಾಪಟ್ಟಿಯಲ್ಲಿ ಎಲ್ಲರೂ ದೊಡ್ಡ ಪಂದ್ಯಕ್ಕೆ ಗೆರೆ ಎಳೆಯುತ್ತಾರೆ. ನೀವು ಟೇಬಲ್ ತಳದ ತಂಡಗಳ ಪಕ್ಕ ಚುಕ್ಕೆ ಇಡಿ, ಅದರಲ್ಲೂ ಏಪ್ರಿಲ್‌ನಲ್ಲಿ. ಹಿಂಬಡ್ತಿಯ ಭಯ ಇರುವವನು ಪ್ರಾಣ ಬಿಟ್ಟು ಆಡುತ್ತಾನೆ. 2019ರ ಗುಡ್ ಫ್ರೈಡೇ ದಿನ ಲೀಡ್ಸ್ ಸ್ವಂತ ಊರಲ್ಲಿ ವಿಗನ್ ವಿರುದ್ಧ 1-0 ಮುಂದಿತ್ತು. ವಿಗನ್‌ನ ಒಬ್ಬ ಆಟಗಾರ ಹದಿನೈದು ನಿಮಿಷದೊಳಗೇ ಕೆಂಪು ಕಾರ್ಡ್ ತಿಂದು ಹೊರಗೆ ಹೋಗಿದ್ದ. ಹತ್ತು ಜನರ ವಿಗನ್ 2-1 ಗೆದ್ದಿತು. ಬಿಯೆಲ್ಸಾ ಅಂಥ ಕೋಚ್ ಇದ್ದೂ ಆ ವರ್ಷ ಬಡ್ತಿ ಕೈತಪ್ಪಿತು. 2025ರ ಏಪ್ರಿಲ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ಸತತ ಮೂರು ಸೋತಿತು. ಅದರಲ್ಲೊಂದು ಪ್ಲಿಮತ್‌ನಲ್ಲಿ. ಆ ಪ್ಲಿಮತ್ ಸೀಸನ್ ಕೊನೆಗೆ ಕೆಳಗಿನ ದರ್ಜೆಗೆ ಬಿತ್ತು.

ಎದುರಾಳಿಗಳ ಪುಟ

ಇಪ್ಪತ್ತಮೂರು ತಂಡಗಳನ್ನೂ ಬರೆಯಲು ಹೋಗಬೇಡಿ, ಬೇಜಾರಾಗುತ್ತೆ. ಕ್ರಿಸ್‌ಮಸ್ ತನಕ ಕಾದು ಮೂವರನ್ನು ಆರಿಸಿ. ಅವರಿಗೂ ಎರಡರ ಲೆಕ್ಕ ಹಾಕಿ. ಪಂದ್ಯಗಳ ಸಂಖ್ಯೆ ಸಮ ಇಲ್ಲದಿದ್ದಾಗ ಈ ಲೆಕ್ಕವೇ ಕೈಹಿಡಿಯೋದು. 'ಅವರು ಒಂದು ಪಂದ್ಯ ಕಡಿಮೆ ಆಡಿದ್ದಾರೆ, ಗೆದ್ದರೆ ನಮ್ಮ ಮುಂದೆ' ಅಂತ ಮೂರು ಪಾಯಿಂಟ್ ಮೊದಲೇ ಸೇರಿಸಿಬಿಡುವವರಿದ್ದಾರೆ. ತೂಕ ಆಗದ ಮಾಲಿಗೆ ಪಟ್ಟಿ ಬರೆದ ಹಾಗೆ ಅದು.

ಎದುರಾಳಿಯನ್ನು ನೋಡಿ ಕಲಿಯೋದೂ ಇದೆ. ಆ ವರ್ಷ ಬರ್ನ್ಲಿಯ ಆಟ ನೋಡಲು ಬೇಸರ. 0-0 ಮೇಲೆ 0-0. ನಾನೂ ನಕ್ಕಿದ್ದೆ. ಆದರೆ 46 ಪಂದ್ಯದಲ್ಲಿ ಅವರು ಬಿಟ್ಟ ಗೋಲು ಕೇವಲ 16. ಜನವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಪಂದ್ಯ ಮುಗಿಯುವ ಹೊತ್ತಿಗೆ ಎರಡು ಪೆನಾಲ್ಟಿ ಬಂದವು. ಗೋಲ್‌ಕೀಪರ್ ಜೇಮ್ಸ್ ಟ್ರಾಫರ್ಡ್ ಎರಡನ್ನೂ ತಡೆದ. ಅದೂ 0-0. ಈಗ ಶೆಫೀಲ್ಡ್ ಯುನೈಟೆಡ್ ಜೊತೆ ಹೋಲಿಸಿ. ಇಬ್ಬರೂ ಗೆದ್ದದ್ದು ತಲಾ 28. ಬರ್ನ್ಲಿ 16 ಡ್ರಾ, 2 ಸೋಲು. ಶೆಫೀಲ್ಡ್ 8 ಡ್ರಾ, 10 ಸೋಲು. ಗೆಲುವು ಸಮ ಇದ್ದೂ ಒಬ್ಬರು ನೇರ ಏರಿದರು, ಇನ್ನೊಬ್ಬರು ಪ್ಲೇ-ಆಫ್‌ಗೆ ಹೋದರು. ಹಾಗಾಗಿ ಡ್ರಾಗಳನ್ನೂ ಎರಡು ಬಗೆ ಮಾಡಿ ಬರೆಯಿರಿ: ಗೆಲ್ಲಬೇಕಿದ್ದು ಬಿಟ್ಟದ್ದು, ಸೋಲಬೇಕಿದ್ದು ಉಳಿಸಿದ್ದು. ಎರಡನೆಯದಕ್ಕೆ ಕೆಂಪು ಶಾಯಿ ಬೇಡ.

ಗೋಲ್ ಅಂತರಕ್ಕೂ ಒಂದು ಮೂಲೆ ಇರಲಿ. ಫೆಬ್ರವರಿ 1ರಂದು ಲೀಡ್ಸ್ ಕಾರ್ಡಿಫ್ ಮೇಲೆ 7-0 ಗೆದ್ದಾಗ ಕೊನೇ ಮೂರು ಗೋಲು ಸುಮ್ನೆ ಶೋಕಿಗೆ ಅನಿಸಿತ್ತು. ಸೀಸನ್ ಕೊನೆಗೆ ಲೀಡ್ಸ್ 100, ಬರ್ನ್ಲಿಯೂ 100. ಅಂತರ ಲೀಡ್ಸ್‌ಗೆ 65, ಬರ್ನ್ಲಿಗೆ 53. ಕಪ್ ಬಂದದ್ದು ಆ ಅಂತರದಿಂದ.

ನಿದ್ದೆ ಮತ್ತು ಗಡಿಯಾರ

ಶನಿವಾರ ಅವರ ಮಧ್ಯಾಹ್ನ ಮೂರು ಗಂಟೆಯ ಪಂದ್ಯ ನಮಗೆ ಚಳಿಗಾಲದಲ್ಲಿ ರಾತ್ರಿ 8.30ಕ್ಕೆ, ಬೇಸಿಗೆಯಲ್ಲಿ 7.30ಕ್ಕೆ. ಅಕ್ಟೋಬರ್ ಕೊನೇ ಭಾನುವಾರ ಮತ್ತು ಮಾರ್ಚ್ ಕೊನೇ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ. ಆ ಎರಡು ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಶನಿವಾರದ ಪಂದ್ಯ ಆರಾಮ. ಕುಂದುವಾಡ ಕೆರೆ ಸುತ್ತಿ ಬಂದು, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಕೂತರೆ ಮನೆಯವರದ್ದೂ ತಕರಾರಿಲ್ಲ.

ಕಷ್ಟ ಇರೋದು ಮಂಗಳವಾರ, ಬುಧವಾರದ್ದು. ಅವರ ಸಂಜೆ 7.45 ಅಂದರೆ ಚಳಿಗಾಲದಲ್ಲಿ ನಮ್ಮ ರಾತ್ರಿ 1.15. ಎಲ್ಲವನ್ನೂ ಎದ್ದು ನೋಡಿದರೆ ಮೈ ಕೆಡುತ್ತೆ. ಎಪಿಎಂಸಿಗೆ ಮೆಕ್ಕೆಜೋಳ ಸುರಿಯುವ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ನಾನು ವಾರದ ನಡುವಿನ ಪಂದ್ಯ ಬಿಟ್ಟೇಬಿಡುತ್ತೇನೆ. ಬೆಳಿಗ್ಗೆ ಸ್ಕೋರ್ ನೋಡಿ, ಹತ್ತು ನಿಮಿಷದ ಮುಖ್ಯಾಂಶ ನೋಡಿ, ಬರೆದರೆ ಆಯ್ತು. ಹೊಸ ವರ್ಷದ ಆಸುಪಾಸು ಮಾತ್ರ ಬಿಡಬೇಡಿ. 2024-25ರಲ್ಲಿ ಡಿಸೆಂಬರ್ 26ರಿಂದ ಜನವರಿ 4ರ ಒಳಗೆ ಲೀಡ್ಸ್ ನಾಲ್ಕು ಪಂದ್ಯ ಆಡಿತು: ಸ್ಟೋಕ್ ಮೇಲೆ 2-0, ಡರ್ಬಿ ಮೇಲೆ 1-0, ಬ್ಲ್ಯಾಕ್‌ಬರ್ನ್ ಜೊತೆ 1-1, ಹಲ್ ಜೊತೆ 3-3. ಹಲ್‌ನಲ್ಲಿ 3-1 ಮುಂದಿದ್ದು ಬಿಟ್ಟದ್ದು. ಆಟಗಾರರ ಕಾಲು ಸೋಲುವ ಹೊತ್ತು ಅದು. ತಂಡದ ಬೆಂಚ್ ಎಷ್ಟು ಗಟ್ಟಿ ಅನ್ನೋದು ಆಗ ತಿಳಿಯುತ್ತೆ.

ಯಾವ ಆ್ಯಪ್‌ನಲ್ಲಿ ಬರುತ್ತೆ ಅನ್ನೋದು ವರ್ಷ ವರ್ಷ ಬದಲಾಗುತ್ತೆ. ಆಗಸ್ಟ್‌ನಲ್ಲೇ ವಿಚಾರಿಸಿ. ಏಪ್ರಿಲ್, ಮೇನಲ್ಲಿ ಸಂಜೆ ಕರೆಂಟ್ ಹೋಗೋದು ಗೊತ್ತಿದ್ದದ್ದೇ. ವೈಫೈ ನಂಬದೆ ಮೊಬೈಲ್ ಡೇಟಾ ಉಳಿಸಿಟ್ಟುಕೊಳ್ಳಿ.

ಕೊನೇ ದಿನ

ಕೊನೇ ಸುತ್ತಿನ ಪಂದ್ಯಗಳೆಲ್ಲ ಒಂದೇ ಹೊತ್ತಿಗೆ ಶುರುವಾಗುತ್ತವೆ, ಯಾರೂ ಇನ್ನೊಬ್ಬರ ಸ್ಕೋರ್ ನೋಡಿಕೊಂಡು ಆಡಬಾರದು ಅಂತ. ಆದ್ದರಿಂದ ಎರಡು ಫೋನ್ ಬೇಕು: ಒಂದರಲ್ಲಿ ನಿಮ್ಮ ತಂಡ, ಇನ್ನೊಂದರಲ್ಲಿ ಎದುರಾಳಿ. 2025ರ ಮೇ 3, ಶನಿವಾರ, ನಮ್ಮ ಸಂಜೆ ಐದಕ್ಕೆ ಶುರು. ಅದು ಹಮಾಲರ ಬಟವಾಡೆಯ ಹೊತ್ತು. ಮೊದಲೇ ಲಕೋಟೆಯಲ್ಲಿ ಎಣಿಸಿಟ್ಟಿದ್ದೆ.

ಬಡ್ತಿ ಏಪ್ರಿಲ್ 21ರಂದೇ ಖಾತ್ರಿಯಾಗಿತ್ತು. ಲೀಡ್ಸ್ ಸ್ಟೋಕ್ ಮೇಲೆ 6-0 ಗೆದ್ದಿತ್ತು, ಅದರಲ್ಲಿ ಪಿರೋ ಒಬ್ಬನದೇ ನಾಲ್ಕು. ಅದೇ ರಾತ್ರಿ ಬರ್ನ್ಲಿ ಶೆಫೀಲ್ಡ್ ಯುನೈಟೆಡ್ ಅನ್ನು 2-1 ಸೋಲಿಸಿದ್ದರಿಂದ ಇಬ್ಬರೂ ಒಟ್ಟಿಗೇ ಏರಿದರು. ಉಳಿದದ್ದು ಮೊದಲ ಸ್ಥಾನ. ಪ್ಲಿಮತ್‌ನಲ್ಲಿ ಲೀಡ್ಸ್ ಮೊದಲು ಗೋಲ್ ಬಿಟ್ಟಿತು. ಇತ್ತ ಬರ್ನ್ಲಿ ಮಿಲ್‌ವಾಲ್ ಮೇಲೆ ಗೆಲ್ಲುತ್ತಿತ್ತು. ಐವತ್ತಮೂರನೇ ನಿಮಿಷಕ್ಕೆ ನ್ಯೊಂಟೊ ಸಮ ಮಾಡಿದ. ತೊಂಬತ್ತೊಂದನೇ ನಿಮಿಷಕ್ಕೆ ಮನೋರ್ ಸೊಲೊಮನ್ ಗೆಲುವಿನ ಗೋಲ್ ಹೊಡೆದ. ಆ ಒಂದು ಗೋಲ್ ಇಲ್ಲದಿದ್ದರೆ 98 ಮತ್ತು 100. ಇಂಥ ಸಂಜೆ ಒಬ್ಬರೇ ಕೂರಬೇಡಿ. ಆಟ ಅರ್ಥವಾಗದವರಾದರೂ ಪರವಾಗಿಲ್ಲ, ಪಕ್ಕದಲ್ಲಿ ಯಾರಾದರೂ ಇರಲಿ.

ಪ್ಲೇ-ಆಫ್‌ಗೆ ಹೊಸ ಪುಟ

ನಿಮ್ಮ ತಂಡ ಪ್ಲೇ-ಆಫ್ ಸ್ಥಾನದಲ್ಲಿ ನಿಂತರೆ ಹಳೆ ಲೆಕ್ಕ ಮುಚ್ಚಿ ಹೊಸ ಪುಟ ತೆರೆಯಿರಿ. ಇಲ್ಲಿ ಪಾಯಿಂಟ್‌ಗೆ ಬೆಲೆ ಇಲ್ಲ. 2016-17ರಲ್ಲಿ ಹಡರ್ಸ್‌ಫೀಲ್ಡ್ ಲೀಗ್‌ನಲ್ಲಿ ಹೊಡೆದದ್ದಕ್ಕಿಂತ ಎರಡು ಗೋಲು ಜಾಸ್ತಿ ತಿಂದಿತ್ತು. ಆದರೂ ಪ್ಲೇ-ಆಫ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಹೋಯಿತು. 2025ರಲ್ಲಿ ಸಂಡರ್‌ಲ್ಯಾಂಡ್ 76 ಪಾಯಿಂಟ್‌ನ ನಾಲ್ಕನೇ ತಂಡ, ಲೀಗ್‌ನ ಕೊನೇ ಐದು ಪಂದ್ಯ ಸೋತು ಬಂದಿತ್ತು. ಸೆಮಿಫೈನಲ್‌ನಲ್ಲಿ ಕವೆಂಟ್ರಿ ವಿರುದ್ಧ 122ನೇ ನಿಮಿಷಕ್ಕೆ ಡ್ಯಾನ್ ಬಲ್ಲಾರ್ಡ್ ತಲೆಯಿಂದ ಹೊಡೆದ ಗೋಲ್. ಫೈನಲ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ಮೇಲೆ 95ನೇ ನಿಮಿಷಕ್ಕೆ ಟಾಮಿ ವಾಟ್ಸನ್ ಗೋಲ್, 2-1. ಆ ಹುಡುಗ ಆಗಲೇ ಬೇರೆ ಕ್ಲಬ್‌ಗೆ ಹೋಗುವುದು ಗೊತ್ತಾಗಿತ್ತು! ಇಂಥದ್ದಕ್ಕೆ ಯಾವ ಕಾಲಂ ಹಾಕುತ್ತೀರಿ? ಸ್ಕೋರ್ ಬರೆದು ಸುಮ್ಮನಿರಿ.

ಸೀಟಿ ಊದಿದ ಮೇಲೂ

ಪುಸ್ತಕಕ್ಕೆ ಕೂಡಲೇ ಷರಾ ಹಾಕಬೇಡಿ. ಪಾಯಿಂಟ್ ಮೈದಾನದ ಹೊರಗೂ ಹೋಗುತ್ತೆ, ಬರುತ್ತೆ. ಶೆಫೀಲ್ಡ್ ಯುನೈಟೆಡ್ ಆಡಿ ಗಳಿಸಿದ್ದು 92. ಬೇರೆ ಕ್ಲಬ್‌ಗಳಿಗೆ ಕೊಡಬೇಕಿದ್ದ ಹಣ ತಡ ಮಾಡಿದ್ದಕ್ಕೆ ಎರಡು ಕಡಿತ. ನಮ್ಮ ಐ-ಲೀಗ್‌ನಲ್ಲಂತೂ 2024-25ರ ಪಟ್ಟಿ ಕೋರ್ಟ್‌ನಲ್ಲಿ ಮುಗಿಯಿತು. ಚರ್ಚಿಲ್ ಬ್ರದರ್ಸ್ 40, ಇಂಟರ್ ಕಾಶಿ 39 ಅಂತ ಸೀಸನ್ ಮುಗಿದಿತ್ತು. ನಾಮಧಾರಿ ತಂಡ ಆಡಿಸಬಾರದ ಆಟಗಾರನನ್ನು ಆಡಿಸಿದ್ದರ ಬಗ್ಗೆ ತಕರಾರು ಸ್ವಿಟ್ಜರ್ಲೆಂಡ್‌ನ ಕ್ರೀಡಾ ನ್ಯಾಯಾಲಯದ ತನಕ ಹೋಯಿತು. ಜುಲೈನಲ್ಲಿ ಇಂಟರ್ ಕಾಶಿ ಚಾಂಪಿಯನ್ ಅಂತ ತೀರ್ಪು ಬಂತು. ಹಾಗಾಗಿ ಕೊನೆಯಲ್ಲಿ 'ಕಡಿತ, ಸೇರ್ಪಡೆ' ಅಂತ ಎರಡು ಸಾಲು ಖಾಲಿ ಬಿಟ್ಟಿರಿ.

ಬಡ್ತಿ ಸಿಕ್ಕ ಮೇಲೆ ಮುಂದಿನ ವರ್ಷದ ಗೆರೆ ಬದಲಿಸಬೇಕು. ಪ್ರೀಮಿಯರ್ ಲೀಗ್‌ನಲ್ಲಿ 38 ಪಂದ್ಯ, ಹೊಸಬರಿಗೆ ಪಂದ್ಯಕ್ಕೆ ಒಂದು ಪಾಯಿಂಟ್ ಬಂದರೂ ದೊಡ್ಡದು. 2023-24ರಲ್ಲಿ ಹೊಸದಾಗಿ ಏರಿದ ಮೂವರೂ ವಾಪಸ್ ಬಿದ್ದರು. 2024-25ರಲ್ಲೂ ಮೂವರೂ ಬಿದ್ದರು. ಲ್ಯೂಟನ್ ಅಂತೂ ಬಿದ್ದ ಮರುವರ್ಷವೇ ಇನ್ನೂ ಒಂದು ದರ್ಜೆ ಕೆಳಗೆ ಹೋಯಿತು.

ವೇಳಾಪಟ್ಟಿ ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತೆ. ಅದು ಶಾಲೆ ಶುರುವಾಗುವ ಕಾಲ, ಮಂಡಿಪೇಟೆಯಲ್ಲಿ ನೋಟ್‌ಬುಕ್ ಡಜನ್ ಲೆಕ್ಕದಲ್ಲಿ ಸ್ವಲ್ಪ ಅಗ್ಗಕ್ಕೇ ಸಿಗುತ್ತವೆ. ಮಕ್ಕಳಿಗೆ ತರುವಾಗ ಒಂದು ಜಾಸ್ತಿ ತನ್ನಿ, ಒಂದು ಕೆಂಪು ಪೆನ್ನೂ ಇರಲಿ.